ಟೇಪಿನೊಳಗಿನ ಗಂಡ

ರಾಯಚೂರಿನ ಬಜಾರಿನಲ್ಲಿ ಮೊನ್ನೆ ಅತ್ತರಿನ ಅಂಗಡಿಯೊಂದನ್ನು ದಾಟುವಾಗ ಕಾಲು ತಾನಾಗಿ ನಿಂತಿತು. ಆ ವಾಸನೆ ನನಗೆ ಹೂವನ್ನು ನೆನಪಿಸುವುದಿಲ್ಲ, ಕ್ಯಾಸೆಟ್ಟನ್ನು ನೆನಪಿಸುತ್ತದೆ. ನಗಬೇಡಿ, ಹೇಳುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಮಾನ್ವಿಯಲ್ಲಿ ಶಾಲೆಯ ಅಕ್ಕೋರು. ಗೋಡೆಗೆ ಗೋಡೆ ಹತ್ತಿದ ಮನೆ ಜುಲೇಖಾಬಿಯದು. ಅವಳ ಗಂಡ ರಹೀಮ್ ಸಾಹೇಬರು ಹೊಲಿಗೆ ಕೆಲಸಕ್ಕೆಂದು ಸೌದಿಗೆ ಹೋಗಿದ್ದರು. ಓದುಬರಹ ಇಬ್ಬರಿಗೂ ಅಷ್ಟಕ್ಕಷ್ಟೆ. ಹಾಗಾಗಿ ಅವರು ಮಾತನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿ, ಅತ್ತರು ಹಚ್ಚಿದ ಕರವಸ್ತ್ರದಲ್ಲಿ ಸುತ್ತಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಟೇಪ್‌ರೆಕಾರ್ಡರೂ ಹಾಗೆಯೇ ಬಂದಿತ್ತು.

ಮೊದಮೊದಲು ಓಣಿಯ ಹೆಂಗಸರೆಲ್ಲ ಕೂತು ಕೇಳುತ್ತಿದ್ದೆವು. ಅವರ ದಖನಿ ಉರ್ದು ನನಗೆ ತಿಳಿಯುತ್ತಿದ್ದುದು ಅರ್ಧ. ಉಳಿದರ್ಧಕ್ಕೆ ಎಲ್ಲರೂ ನಕ್ಕಾಗ ನಾನೂ ನಗುತ್ತಿದ್ದೆ. ಆಮೇಲಾಮೇಲೆ ಜುಲೇಖಾಬಿ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೇಳತೊಡಗಿದಳು. ರೊಟ್ಟಿ ಬಡಿಯುವಾಗ ಟೇಪು, ಅಕ್ಕಿ ಆರಿಸುವಾಗ ಟೇಪು. ಟೇಪಿನಲ್ಲಿ ಅವರು ಊಟವಾಯಿತೇ ಎಂದರೆ ಇವಳು ಆಯಿತೆನ್ನುವಳು. ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಉತ್ತರ ಮುಗಿಸುವುದನ್ನೂ ಕಲಿತಿದ್ದಳು.

"ಹೊರಗ ಬಾರವಾ, ಮಾರಿ ಹೆಂಗ ಬಾಡ್ಯಾದ ನೋಡು," ಎಂದು ಒಮ್ಮೆ ಕರೆದೆ.

"ತಡೀರಿ ಅಕ್ಕೋರ, ಅವರು ಮಾತಾಡಾಕತ್ತಾರ," ಎಂದಳು.

ಆ ಡಬ್ಬಿ ಅವಳನ್ನು ಬದುಕಿಸುತ್ತಿತ್ತೋ, ಒಳಗೊಳಗೇ ತಿನ್ನುತ್ತಿತ್ತೋ?

ಕಡೆಗೆ ರಹೀಮ್ ಸಾಹೇಬರೇ ಬಂದರು. ಓಣಿಗೆಲ್ಲ ಖರ್ಜೂರ ಹಂಚಿದರು. ಕೆಲವು ದಿನ ಕಳೆದ ಮೇಲೆ ನಮ್ಮ ಕಟ್ಟೆಗೆ ಬಂದು ತಲೆ ತಗ್ಗಿಸಿ ಕೂತರು.

"ನಾ ಎದುರಿಗಿದ್ರೂ ಆಕಿ ಒಳಗ ಹೋಗಿ ಟೇಪ್ ಹಚ್ಚತಾಳ್ರಿ. ನನಗಿಂತ ಅವ ಛಲೋ ಮಾತಾಡ್ತಾನಂತ."

"ಯಾರ್ರಿ ಅವ?"

"ನಾನೇ ರೀ!" ಎಂದರು, ಅಳುವವರ ಹಾಗೆ.

ಅವಳನ್ನು ಕೇಳಿದೆ. "ಇವರು ನಡುನಡುವ ಸುಮ್ಮನಾಗಿ ಬಿಡ್ತಾರ್ರಿ. ನನಗ ಅಂಜಿಕಿ ಬರ್ತದ. ಟೇಪಿನವರು ಮುಂದ ಏನಂತಾರಂತ ನನಗ ಗೊತ್ತಿರ್ತದ," ಎಂದಳು.

ಅವರು ಮತ್ತೆ ಸೌದಿಗೆ ಹೋಗಲಿಲ್ಲ. ದೇವದುರ್ಗದಲ್ಲಿ ಹೊಲಿಗೆ ಅಂಗಡಿ ಹಾಕಿ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಮುಂದೆ ಪರೀಕ್ಷೆಯ ಕೆಲಸಕ್ಕೆ ಆ ಊರಿಗೆ ಹೋದಾಗ ನೋಡುತ್ತೇನೆ, ಒಂದು ಗುಂಡಿಯ ಕಾಜದ ವಿಷಯಕ್ಕೆ ಇಬ್ಬರೂ ಬೀದಿಗೆ ಕೇಳುವಂತೆ ಜಗಳಾಡುತ್ತಿದ್ದಾರೆ! ನನಗೆ ಹಿಗ್ಗೋ ಹಿಗ್ಗು.

"ಟೇಪ್ ಎಲ್ಲ್ಯದವಾ?" ಎಂದೆ.

"ಅಟ್ಟದ ಮ್ಯಾಲ ಅದ್ರಿ. ಅದರ ಜೋಡಿ ಜಗಳಾಡಾಕ ಬರಂಗಿಲ್ಲ ನೋಡ್ರಿ," ಎಂದು ನಕ್ಕಳು. ಗಂಡ ಚಹಾ ತರಲು ಎದ್ದು ಹೋದ ಮೇಲೆ ದನಿ ತಗ್ಗಿಸಿದಳು. "ಆದ್ರೂ ಅಕ್ಕೋರ, ಆ ಟೇಪಿನವರು ಒಮ್ಮೊಮ್ಮಿ ಭಾಳ ನೆನಪಾಗ್ತಾರ್ರಿ."

ಈಗ ರಾಯಚೂರಿನಲ್ಲಿ ನಾನೊಬ್ಬಳೇ ಇರುವವಳು. ಕೇಳಲಿ ಬಿಡಲಿ, ಮನೆಯಲ್ಲಿ ರೇಡಿಯೋ ಇಡೀ ದಿನ ಮಾತಾಡುತ್ತಲೇ ಇರುತ್ತದೆ. ಮೊನ್ನೆ ಬಜಾರಿನಿಂದ ಬಂದವಳು ಅದನ್ನು ಆರಿಸಿದೆ. ಸ್ವಲ್ಪ ಹೊತ್ತೂ ಕೂರಲಾಗಲಿಲ್ಲ. ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ಬಡಿದೆ.

"ಬರ್ರಿ ಅಕ್ಕೋರ. ಯಾಕ, ಏನಾತ್ರಿ?" ಎಂದರು ಆ ಮನೆಯಾಕೆ.

"ಏನಿಲ್ರಿ, ನಿಮ್ಮ ಜೋಡಿ ಮಾತಾಡಾಕ ಬಂದೆ," ಎಂದೆ. ಒಳಗೆ ಹೋಗಿ ಕೂತೆ.