ಕಾಮನ ರಾಶಿ ಸೇರಿದ ಸೀಸಾ

ಆ ದಿನಗಳಲ್ಲಿ ಹೊಂಗೆ ಚಿಗುರಿತೆಂದರೆ ನಮ್ಮೂರ ಶಾಲೆಯಲ್ಲಿ ಪಾಠ ಅಷ್ಟಕ್ಕಷ್ಟೇ. ಪರೀಕ್ಷೆಗೆ ಮುಂಚೆ, ಯುಗಾದಿಯ ಆಸುಪಾಸಿನಲ್ಲಿ ಶಾಲೆಯ ಹಬ್ಬ ನಡೆಯುತ್ತಿತ್ತು. ನಿಮ್ಮೂರಲ್ಲೂ ನಡೆದಿರಬೇಕು. ತಾಳಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಮಕ್ಕಳ ಹಬ್ಬ ಎನ್ನುವುದು ಹೆಸರಿಗೆ ಮಾತ್ರ. ಅಮ್ಮಂದಿರು ಬಯಲಿಗೆ ಸಗಣಿ ಹಾಕಿ ಸಾರಿಸುವರು, ಅಪ್ಪಂದಿರು ಚಪ್ಪರ ಕಟ್ಟುವರು, ನಾವು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ಹಲ್ಲು ಜುಮ್ಮೆನ್ನುವವರೆಗೆ ತಿನ್ನುತ್ತ ಎಲ್ಲರ ಕಾಲಿಗೂ ಅಡ್ಡ ಬರುತ್ತಿದ್ದೆವು.

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಹಬ್ಬಕ್ಕೆ ಶಾಲೆಗೊಂದು ಸೀಸಾ ಮಾಡಿಸುವುದೆಂದು ತೀರ್ಮಾನವಾಯಿತು. ಎರಡು ತುದಿಗೆ ಇಬ್ಬರು ಕೂತು ಏರಿಳಿಯುವ ಹಲಗೆಯನ್ನು ನಾವು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆವು. ಶಾಲಾ ಸಮಿತಿಯ ಅಧ್ಯಕ್ಷನಾಗಿದ್ದ ನನ್ನಪ್ಪ ಮರ ಕೊಟ್ಟ. ಶಿಕಾರಿಪುರದಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಬಡಗಿ ಖಾದರ್ ಸಾಬರು ಕೂಲಿ ಬೇಡವೆಂದರು. ಅವರ ಮಗಳು ನಸೀಮಾ ತರಗತಿಯಲ್ಲಿ ನನ್ನ ಪಕ್ಕ ಕೂರುವವಳು. ಮೊದಲ ಸಲ ನಾವಿಬ್ಬರೇ ಕೂರುವುದೆಂದು ಮಾತಾಗಿತ್ತು. ಖಾದರ್ ಸಾಬರು ಹಲಗೆಗೆ ನುಣ್ಣಗೆ ಕೀಸುಳಿ ಹೊಡೆದು, ಕೆಳಗೆ ಆಧಾರಕ್ಕಿಡುವ ದಿಮ್ಮಿ ಸಿದ್ಧವಾಗುವವರೆಗೆ ಇರಲಿ ಎಂದು ಅದನ್ನು ಬಿಸಿಯೂಟದ ಅಡುಗೆಕೋಣೆಯ ಹಿಂದೆ ಒರಗಿಸಿಟ್ಟರು.

ಕಾಮನ ಹುಣ್ಣಿಮೆಯ ಬೆಳಿಗ್ಗೆ ಶಾಲೆಗೆ ಹೊರಟಾಗ ನಾಲ್ಕು ದಾರಿ ಸೇರುವಲ್ಲಿ ನಸೀಮಾ ನನ್ನ ಕೈ ಹಿಡಿದು ನಿಲ್ಲಿಸಿದಳು. ಊರವರು ಕದ್ದು ತಂದು ಒಟ್ಟಿದ್ದ ಕುಳ್ಳು, ಕಟ್ಟಿಗೆ, ಮುರಿದ ನೊಗಗಳ ಮೇಲೆ ನಮ್ಮ ಸೀಸಾ ಹಲಗೆ ಮಲಗಿತ್ತು.

ಕಾಮನಿಗೆಂದು ಕದ್ದರೆ ಬೈಯುವಂತಿಲ್ಲ, ರಾಶಿಯ ಮೇಲೆ ಬಿದ್ದದ್ದನ್ನು ಮರಳಿ ಎತ್ತುವಂತಿಲ್ಲ. ಇದು ನಮ್ಮೂರಲ್ಲಿ ಕೂಸಿಗೂ ಗೊತ್ತಿರುವ ಕಟ್ಟಳೆ. ಆದರೂ ಶಾಲೆಯ ವಸ್ತುವಿಗೆ ಕೈ ಹಾಕುವವರು ಇದ್ದಾರೆಯೇ? ಹೆಡ್ ಮೇಷ್ಟ್ರು ಬಂದರು, ಜನ ಸೇರಿದರು. ದೊಡ್ಡ ಹುಡುಗರೆಲ್ಲ ನೆಲ ನೋಡುತ್ತಿದ್ದರು.

"ಯಾರ ಕೆಲಸಾನಪ್ಪಾ ಇದು?" ಎಂದು ಮೇಷ್ಟ್ರು ಕೇಳಿದರು.

ಗುಂಪಿನ ಹಿಂದಿನಿಂದ ಒಂದು ದನಿ ಬಂತು. "ನಂದೇ ರೀ ಮೇಷ್ಟ್ರೇ."

ನನ್ನಪ್ಪ. ಸಮಿತಿಯ ಅಧ್ಯಕ್ಷ. ಮರ ಕೊಟ್ಟವನೂ ಅವನೇ, ಕದ್ದವನೂ ಅವನೇ. ನಿಮ್ಮ ಕಾಲದವರಿಗೆ ಕದಿಯೋಕೇ ಬರ್ತಿರಲಿಲ್ಲ ಎಂದು ಹುಡುಗರು ಕೆಣಕಿದ್ದರಂತೆ. ಹೆಂಗ ಕದೀತಾರೆ ತೋರಿಸ್ತೀನಿ ನಡೀರಲೇ ಎಂದು ಹೋದವನು, ಕತ್ತಲಲ್ಲಿ ಅಡುಗೆಕೋಣೆಯ ಸೌದೆಯೆಂದುಕೊಂಡು ಅದನ್ನೇ ಹೊತ್ತು ತಂದಿದ್ದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ನಸೀಮಾ ನನ್ನ ಕೈ ಬಿಟ್ಟಳು.

ಎಲ್ಲರೂ ಖಾದರ್ ಸಾಬರ ಮುಖ ನೋಡಿದರು. ಅವರು ಗಡ್ಡ ಕೆರೆದುಕೊಂಡು ಅಪ್ಪನ ಕಡೆ ತಿರುಗಿ, "ಕಾಮಂಗೆ ಹೋದದ್ದು ಕಾಮಂದು ಬಿಡ್ರಿ. ಊರ ಪದ್ಧತಿ ನನ್ನ ಹಲಗಿಗೋಸ್ಕರ ಮುರಿಯೋದು ಬ್ಯಾಡ. ಆದ್ರೆ ಗೌಡ್ರೇ, ಅಂಥಾ ಒಣಗಿದ ಮರ ಹಬ್ಬದೊಳಗ ಮತ್ತೆ ಸಿಗಂಗಿಲ್ಲ" ಎಂದರು.

ಸಂಜೆ ಅದು ಎಲ್ಲಕ್ಕಿಂತ ಚೆನ್ನಾಗಿ ಉರಿಯಿತು. ಊರೆಲ್ಲ ಬಾಯಿ ಬಡಿದುಕೊಂಡು ಕುಣಿಯುವಾಗ ನಾನು ನಿಜವಾಗಿಯೇ ಅತ್ತೆ.

ಅದಾದ ವಾರಕ್ಕೆ ಶಾಲೆಯಿಂದ ಬಂದವಳು ಅಂಗಳದಲ್ಲೇ ನಿಂತುಬಿಟ್ಟೆ. ನಮ್ಮ ಹೆಬ್ಬಾಗಿಲಿಗೆ ಒಂದೇ ಕದ ಇತ್ತು. ಇನ್ನೊಂದು ಕದ, ಅಜ್ಜನ ಕಾಲದ ಹಲಸಿನದು, ಇರಲಿಲ್ಲ. ನಡುಮನೆಯಲ್ಲಿ ಪಕ್ಕದ ಮನೆಯ ಕರು ಆರಾಮಾಗಿ ನಿಂತಿತ್ತು. ಹೊಲದಿಂದ ಬಂದ ಅಮ್ಮ ತಲೆಯ ಮೇಲಿನ ಹುಲ್ಲಿನ ಹೊರೆಯನ್ನೂ ಇಳಿಸದೆ ಬಾಯಿ ತೆರೆದು ನೋಡಿದಳು. ಅಮ್ಮ ಸೊರಬದವಳು, ಗುಡವಿ ಕಡೆಯ ಮನೆತನ, ಮಾತೂ ಆ ಕಡೆಯದೇ.

"ಕದ ಎಂತಾ ಆತೇ?"

ಅಷ್ಟರಲ್ಲಿ ಅಪ್ಪ ಬಂದ. "ಖಾದರ್ ಸಾಬ್ರಿಗೆ ಕೊಟ್ಟೀನಿ. ಸೀಸಾಕ್ಕೆ."

"ಮನೆ ಬಾಗ್ಲು ಕಿತ್ತು ಕೊಡದಾ ಮಾರಾಯ್ರೇ?"

"ಶಾಲೆ ಹುಡುಗ್ರು ಮಕ ಎತ್ತಿ ಮಾತಾಡಿಸ್ತಿಲ್ಲ ಕಣೇ ನನ್ನ" ಎಂದ ಅಪ್ಪ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಮ್ಮ ಬಾಗಿಲಿಗೆ ಗೋಣಿತಾಟು ಕಟ್ಟಿದಳು. ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಎದುರಿಗೇ ಕೂತಿದ್ದರೂ, "ಊಟಕ್ಕೆ ಬರಕ್ಕೆ ಹೇಳು ನಿಮ್ಮಪ್ಪಂಗೆ" ಎಂದು ನನಗೆ ಹೇಳುವಳು.

ಶಾಲೆಯ ಹಬ್ಬದ ದಿನ ಸೀಸಾ ನಿಂತಿತ್ತು. ನಾನು ಒಂದು ತುದಿಗೆ ಕೂತೆ. ನಸೀಮಾ ಸ್ವಲ್ಪ ಹೊತ್ತು ದೂರ ನಿಂತು ನೋಡಿದಳು, ಆಮೇಲೆ ಓಡಿಬಂದು ಇನ್ನೊಂದು ತುದಿಗೆ ಕೂತಳು. ಮೇಲೆ ಹೋದಾಗ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತಿತ್ತು. ಮಂಡಕ್ಕಿ, ಪಾನಕ ಮುಗಿದ ಮೇಲೆ ಮೇಷ್ಟ್ರು, "ಅಧ್ಯಕ್ಷರು ಒಂದ್ಸಲ ಕೂರ್ಲಿ" ಎಂದರು. ಅಪ್ಪ ಹಲ್ಲು ಕಿರಿಯುತ್ತ ಕೂತ. ಎದುರು ತುದಿಗೆ ಯಾರು ಎಂದು ಜನ ನೋಡುತ್ತಿರುವಾಗ ಅಮ್ಮ ಸೆರಗು ಸಿಕ್ಕಿಸಿಕೊಂಡು ನೇರ ನಡೆದು ಬಂದಳು. ಪಂಕ್ತಿಯಲ್ಲಿ ಗಂಡನ ಪಕ್ಕ ಕೂರಲೂ ಹಿಂದೆಮುಂದೆ ನೋಡುವ ಹೆಂಗಸು.

ಅಮ್ಮ ಕೂತಳು. ಅಪ್ಪ ಕಡ್ಡಿಯಂಥ ಆಳು, ಅಮ್ಮ ಗಟ್ಟಿಮುಟ್ಟು. ಅಪ್ಪ ಸರ್ರನೆ ಮೇಲೆ ಹೋದವನು ಅಲ್ಲೇ ಉಳಿದ. ಅಮ್ಮ ಕಾಲನ್ನು ನೆಲಕ್ಕೆ ಊರಿ ಕೂತೇ ಇದ್ದಳು.

"ಕದ ಯಾವಾಗ ಮಾಡಿಸ್ತ್ರಿ ಹೇಳಿ. ಆಮೇಲೆ ಇಳಿಸ್ತೆ."

ಎಷ್ಟೋ ದಿನದ ಮೇಲೆ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. "ಸುಗ್ಗಿ ರೊಕ್ಕ ಬರ್ಲಿ..." ಎಂದ ಅಪ್ಪ. ಅಮ್ಮ ಅಲ್ಲಾಡಲಿಲ್ಲ. "ಯುಗಾದಿಗೆ ಮಾಡಿಸ್ತೀನಿ ಮಾರಾಯ್ತಿ, ಇಳಿಸು" ಎಂದ. ಖಾದರ್ ಸಾಬರು ನಕ್ಕು ನಕ್ಕು ನೆಲಕ್ಕೆ ಕೂತರು. ಅಮ್ಮನೂ ನಕ್ಕಳು. ಅವಳು ಹಾಗೆ ಊರೆದುರು ನಗಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ಈಗ ನಾನು ಶಿಕಾರಿಪುರದಲ್ಲಿದ್ದೇನೆ. ಮಗಳ ಶಾಲೆಯಲ್ಲಿ ಬಣ್ಣಬಣ್ಣದ ಆಟದ ಸಾಮಾನುಗಳಿವೆ, ಅಪ್ಪ ಅಮ್ಮಂದಿರನ್ನು ಮಾತ್ರ ಗೇಟಿನಾಚೆಗೇ ನಿಲ್ಲಿಸುತ್ತಾರೆ. ಬೇಸಿಗೆಯ ಕಾರ್ಯಕ್ರಮದ ಫೋಟೊಗಳು ಸಂಜೆ ಮೊಬೈಲಿಗೆ ಬರುತ್ತವೆ, ನಾವು ಹೆಬ್ಬೆರಳಿನ ಚಿಹ್ನೆ ಒತ್ತಿ ಸುಮ್ಮನಾಗುತ್ತೇವೆ. ಮೊನ್ನೆ ಅವಳಿಗೆ ಈ ಕಥೆ ಹೇಳಿದೆ. ಅಜ್ಜ ಕಳ್ಳತನ ಮಾಡಿದ್ದು, ಮನೆಯ ಬಾಗಿಲು ಕಿತ್ತು ಕೊಟ್ಟದ್ದು ಯಾವುದೂ ಅವಳಿಗೆ ವಿಚಿತ್ರವೆನಿಸಲಿಲ್ಲ. ನಾನು ಮುಗಿಸಿದ ಮೇಲೆ ಕಣ್ಣು ಅಗಲ ಮಾಡಿ ಒಂದೇ ಪ್ರಶ್ನೆ ಕೇಳಿದಳು:

"ಅಮ್ಮಾ, ಅವರನ್ನೆಲ್ಲ ಶಾಲೆ ಒಳಗೆ ಬಿಟ್ಟಿದ್ದು ಯಾರು?"