ಬಣ್ಣ ಹಚ್ಚದ ಸೋಮವಾರ

ಮೊನ್ನೆ ಕೊಟ್ಟೂರಿನಲ್ಲಿ ನಾನು ಕೂತಿದ್ದ ಕೂಡ್ಲಿಗಿ ಬಸ್ಸಿಗೆ ಆಂಜನೇಯ ಹತ್ತಿದ. ಗದೆಯನ್ನು ಸೀಟಿನ ಕೆಳಗೆ ತಳ್ಳಿ, ಬಾಲವನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನ ಮುಂದಿನ ಸೀಟಿನಲ್ಲಿ ಕುಳಿತ. ಕಂಡಕ್ಟರ್ ಬಂದವನೇ, “ಏನ್ ಸ್ವಾಮಿ, ಸಮುದ್ರ ಹಾರಿದಾಂವ ನೀನು, ಕೂಡ್ಲಿಗಿಗೆ ಟಿಕೀಟು ತಗೋತಿಯೇನು?” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಮುಖದ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಎಷ್ಟು ವರ್ಷವಾಗಿತ್ತು ಆ ವಾಸನೆ ಹೀರಿ... ನಮ್ಮ ದೊಡ್ಡ ಅಕ್ಕೋರು ನೆನಪಾದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ನಾನು ಹಗರಿಬೊಮ್ಮನಹಳ್ಳಿಯ ಶಾಲೆಗೆ ಹೊಸದಾಗಿ ಸೇರಿದಾಗ, ಅಲ್ಲಿ ಆಗಲೇ ಅರ್ಧ ಆಯುಷ್ಯ ಕಳೆದಿದ್ದ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ಆ ವರ್ಷವೇ ಜನಗಣತಿ ಬಂತು. ಊರಿನ ಒಂದು ಭಾಗವನ್ನು ನಮ್ಮಿಬ್ಬರಿಗೆ ಹಂಚಿದರು. ಕೈಚೀಲದಲ್ಲಿ ಹಾಳೆಗಳು, ನೀರಿನ ಬಾಟಲಿ, ಅವರ ಎಲೆಅಡಿಕೆ. ಹೊರಟೆವು.

ಬೊಮ್ಮನಹಳ್ಳಿ ಎಂದರೆ ಅದೊಂದು ಊರಲ್ಲ, ಹತ್ತು ಊರು ಕೂಡಿ ಆದ ಊರು. ಡ್ಯಾಮಿನ ನೀರಿಗೆ ಮನೆ ಬಿಟ್ಟು ಬಂದವರು, ಹತ್ತಿ ಗಿರಣಿಗೆ ಕೂಲಿಗೆ ಬಂದವರು, ಕೋಗಳಿಯಿಂದ ಬಂದು ಬಟ್ಟೆ ಅಂಗಡಿ ಇಟ್ಟವರು, ತಾಂಡಾದಿಂದ ಇಳಿದು ಬಂದು ಸೊಪ್ಪು ಮಾರುವವರು. ಓಣಿ ದಾಟಿದರೆ ಮಾತೇ ಬೇರೆ. ಆದರೆ ಸರಕಾರದ ಹಾಳೆ ಹಿಡಿದು “ಮಾತೃಭಾಷೆ ಯಾವುದು?” ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, “ಕನ್ನಡ ಬರಕೊಳ್ರಿ.” ಸಾಹೇಬರಿಗೆ ಬೇಕಾದದ್ದು ಅದೇ ಇರಬೇಕು ಎಂದು ಜನಕ್ಕೆ ಅನುಮಾನ.

ದೊಡ್ಡ ಅಕ್ಕೋರು ಹಾಗೆ ಕೇಳುತ್ತಲೇ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಆಮೇಲೆ ಕೇಳುತ್ತಿದ್ದರು: “ಮಗ ಉಣ್ಣೂದಿಲ್ಲಂತ ಹಟ ಮಾಡಿದ್ರ ಯಾವ ಭಾಷಾದಾಗ ಬೈತಿ ಯವ್ವಾ?” ಅದಕ್ಕೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸೊಪ್ಪಿನ ಬುಟ್ಟಿ ಇಳಿಸಿದ ಒಬ್ಬಾಕೆ, “ಬೈಯಾಕ ಲಂಬಾಣಿ, ವ್ಯಾಪಾರಕ್ಕ ಕನ್ನಡ, ಗಂಡನ ಕೂಡ ಎರಡೂ ಸಾಲೂದಿಲ್ರಿ ಅಕ್ಕೋರೆ” ಎಂದಳು. ಪಿಂಜಾರರ ಹುಸೇನಪ್ಪನ ಮನೆಯಲ್ಲಿ ನಾನು ಕೇಳುವ ಮೊದಲೇ ಉರ್ದು ಎಂದು ಬರೆಯಹೊರಟೆ. ದೊಡ್ಡ ಅಕ್ಕೋರು ನನ್ನ ಕೈ ಹಿಡಿದರು. ಒಳಗಿನಿಂದ ಹುಸೇನಪ್ಪನ ತಾಯಿ ಕೋಳಿಯನ್ನು ಬೈಯುತ್ತಿದ್ದಳು. ಅಂಥ ಅಚ್ಚಗನ್ನಡವನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ.

ಕೊನೆಗೆ ಉಳಿದದ್ದು ಗಿರಣಿಯ ಹಿಂದೆ, ಹಳ್ಳದ ಆಚೆ ದಂಡೆಯ ಗುಡಿಸಲುಗಳು. ಹಗಲುವೇಷದವರು. ಬೆಳಿಗ್ಗೆ ಬಣ್ಣ ಹಚ್ಚಿಕೊಂಡು, ಹಾರ್ಮೋನಿಯಂ ಹೆಗಲಿಗೇರಿಸಿ, ಹಳ್ಳಿಹಳ್ಳಿ ತಿರುಗಿ ರಾಮಾಯಣ, ಭಾರತ ಆಡುವ ಮಂದಿ. ಅವರ ಗುಡಿಸಲು ಯಾವ ನಕಾಶೆಯಲ್ಲೂ ಇರಲಿಲ್ಲ. ಒಂದು ನಲ್ಲಿಗಾಗಿ ದೊಡ್ಡ ಅಕ್ಕೋರು ಅವರ ಪರವಾಗಿ ಬರೆದ ಅರ್ಜಿಗಳೆಲ್ಲ ಒಂದೇ ಷರಾ ಹೊತ್ತು ಮರಳುತ್ತಿದ್ದವು: ‘ಸದರಿ ಜಾಗದಲ್ಲಿ ಜನವಸತಿ ಇಲ್ಲ.’ ಹೆಂಗಸರು ಗಿರಣಿಯ ಕಾವಲುಗಾರನ ಬೈಗುಳ ಕೇಳಿಕೊಂಡು ಅಲ್ಲಿಯ ತೊಟ್ಟಿಯಿಂದ ಕೊಡ ತುಂಬುತ್ತಿದ್ದರು. “ಈ ಸಲ ಗಣತ್ಯಾಗ ಬಂದ್ರ ಇಲ್ಲ ಅನ್ನಾಕ ಯಾರಪ್ಪನ ಕೈಲೂ ಆಗೂದಿಲ್ಲ” ಎನ್ನುತ್ತಿದ್ದರು ದೊಡ್ಡ ಅಕ್ಕೋರು.

ಅಷ್ಟರಲ್ಲಿ ಅವರಿಗೆ ಜ್ವರ ಬಂತು. “ನಾ ಬರೂ ತನಕ ಅಲ್ಲಿಗೆ ಹೋಗಬ್ಯಾಡ” ಎಂದು ಹೇಳಿ ಕಳಿಸಿದ್ದರು. ನನಗೋ ಹೊಸ ಹುರುಪು. ಅವರು ಏಳುವಷ್ಟರಲ್ಲಿ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ಬೆಳಿಗ್ಗೆ ಏಳಕ್ಕೇ ಒಬ್ಬಳೇ ಹಳ್ಳ ದಾಟಿದೆ.

ಗಂಡಸರೆಲ್ಲ ಬಣ್ಣ ಹಚ್ಚಿ ಮುಗಿಸಿ, ತೆಲಿಗಿ ಎಂಬ ಹಳ್ಳಿಯ ಕಡೆ ಹೊರಡುವ ಗಡಿಬಿಡಿಯಲ್ಲಿದ್ದರು. “ಹೆಸರು?” ಎಂದೆ. “ಭೀಮಸೇನ.” “ತಂದೆ?” “ಪಾಂಡುರಾಜ.” ನಮ್ಮ ಕಡೆ ಭೀಮಪ್ಪಂದಿರಿಗೂ ಪಾಂಡಪ್ಪಂದಿರಿಗೂ ಬರವೇ? ಬರೆದುಕೊಂಡೆ. ಪಕ್ಕದವನು ಅರ್ಜುನ, ತಂದೆ ಪಾಂಡುರಾಜ. ಅಣ್ಣತಮ್ಮ ಎಂದುಕೊಂಡೆ. ವೇಷ ಕಣ್ಣಿಗೆ ಕಾಣುತ್ತಿತ್ತು, ಹೆಸರೂ ವೇಷದ್ದೇ ಎಂದು ಹೊಳೆಯಲಿಲ್ಲ. ಹೆಂಗಸರನ್ನು ಕೇಳಿದರೆ ಗಂಡನ ಹೆಸರು ಹೇಳಲಾರದೆ ಸೆರಗು ಬಾಯಿಗಿಟ್ಟು ನಕ್ಕರು. ಕೊನೆಯ ಗುಡಿಸಲ ಮುಂದೆ ಕಿರೀಟ ಇಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ಮುದುಕ ಗಂಭೀರವಾಗಿ “ಧೃತರಾಷ್ಟ್ರ” ಎಂದಾಗಲಾದರೂ ನನಗೆ ಬುದ್ಧಿ ಬರಬೇಕಿತ್ತು... ಬರಲಿಲ್ಲ. ಅಂಗವಿಕಲತೆಯ ಕಾಲಂನಲ್ಲಿ ‘ಕುರುಡು’ ಎಂದು ಬೇರೆ ಬರೆದೆ.

ಮರುದಿನ ಹಾಳೆ ನೋಡಿದ ಮೇಲ್ವಿಚಾರಕರು ಅದನ್ನು ಮೇಜಿನ ಮೇಲೆ ಎಸೆದರು. “ಏನ್ರೀ ಇದು, ಜನಗಣತಿಯೋ ಬಯಲಾಟವೋ? ಮನ್ಯಾಗ ಕೂತು ಬರದೀರೇನು? ಅಲ್ಲಿ ಯಾರೂ ಇಲ್ಲ. ಇದ್ದವರೂ ಇವತ್ತು ಬಂದು ನಾಳೆ ಹೋಗೂ ಮಂದಿ. ಇದನ್ನ ತಗದುಬಿಡ್ರಿ.” ಲೆಕ್ಕ ಒಪ್ಪಿಸಲು ನಾಲ್ಕೇ ದಿನ ಉಳಿದಿದ್ದವು. ನನ್ನ ಜಾಣತನದಿಂದ ಒಂದಿಡೀ ಕೇರಿ ಮತ್ತೆ ಇಲ್ಲವಾಗುತ್ತಿತ್ತು.

ದೊಡ್ಡ ಅಕ್ಕೋರ ಮನೆಗೆ ಹೋಗಿ ಅತ್ತೆ. ಅವರು ಕಂಬಳಿ ಸರಿಸಿ ಎದ್ದು ಕುಳಿತು ಹಾಳೆ ಓದಿದರು. ಧೃತರಾಷ್ಟ್ರನ ಹತ್ತಿರ ಬಂದಾಗ, ಆ ಜ್ವರದಲ್ಲೂ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಳಬ್ಯಾಡ ಹುಚ್ಚಿ. ಬಣ್ಣ ಹಚ್ಚಿದ ಮ್ಯಾಲೆ ಅವರು ತಮ್ಮ ಹೆಸರು ಹೇಳಂಗಿಲ್ಲ. ಅದು ಅವರ ನೇಮ. ನೀ ಮಂದೀನ್ನ ಕೇಳಲಿಲ್ಲ, ಬಣ್ಣಾನ ಕೇಳಿದಿ. ಸೋಮವಾರ ಶಿವನ ವಾರ, ಅವತ್ತು ಅವರು ಬಣ್ಣ ಮುಟ್ಟೂದಿಲ್ಲ. ಆ ಸಾಹೇಬ್ರನ್ನ ಸೋಮವಾರ ಕರಕೊಂಡು ಬಾ. ಬರೂದಿಲ್ಲ ಅಂದ್ರ, ನಾನ ಬಂದು ಕರಕೊಂಡು ಹೊಕ್ಕೀನಿ ಅಂತ ಹೇಳು.”

ಸೋಮವಾರ ಮೇಲ್ವಿಚಾರಕರು ಬಂದರು. ಮುಖ ಗಂಟಿಕ್ಕಿಕೊಂಡೇ ಹಳ್ಳದ ದಂಡೆಯ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿದರು. ದೊಡ್ಡ ಅಕ್ಕೋರು ತಲೆಗೆ ಮಫ್ಲರ್ ಸುತ್ತಿಕೊಂಡು, ಶಾಲೆಯ ದಾಖಲಾತಿ ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಮೊದಲೇ ಬಂದು ಕುಳಿತಿದ್ದರು. ಆ ಕೇರಿಯ ಒಂದೊಂದು ಮಗುವನ್ನೂ ಕೈ ಹಿಡಿದು ಶಾಲೆಗೆ ತಂದವರು ಅವರೇ.

“ಸರ್, ನಾ ಓದ್ತೀನಿ, ನೀವು ನೋಡ್ರಿ” ಎಂದು ಮಗುವಿನ ಹೆಸರು, ತಂದೆಯ ಹೆಸರು ಓದತೊಡಗಿದರು. ಒಂದೊಂದು ಹೆಸರಿಗೂ ಬರಿ ಮುಖದ ಒಬ್ಬ ಗಂಡಸು ಮುಂದೆ ಬಂದು ನಿಂತ. ಮೊನ್ನೆಯ ಭೀಮಸೇನ ನನ್ನ ಭುಜಕ್ಕೂ ಬಾರದ ಸಣಕಲ. ನಾಚಿಕೊಂಡು, ನೆಲ ನೋಡುತ್ತ ತನ್ನ ಹೆಸರು ಹೇಳಿದ. ರಾಜರ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳುವ ಆ ಗಂಟಲುಗಳು ಸ್ವಂತ ಹೆಸರಿಗೆ ತಡವರಿಸುತ್ತಿದ್ದವು... ದೊಡ್ಡ ಅಕ್ಕೋರು ಬಿಡಲಿಲ್ಲ. “ಗಟ್ಟಿಯಾಗಿ ಹೇಳಪ್ಪಾ, ಸರಕಾರಕ್ಕ ಕಿವಿ ಮಂದ!”

ಕೊನೆಗೆ ಮುದುಕ ಬಂದ. ಬೆನ್ನು ನೆಟ್ಟಗೆ ಮಾಡಿ, “ಸಣ್ಣ ಮಾರೆಪ್ಪ. ತಂದಿ ದೊಡ್ಡ ಮಾರೆಪ್ಪ” ಎಂದ.

ಮೇಲ್ವಿಚಾರಕರು ಹಾಳೆ ನೋಡಿದರು. “ಇಲ್ಲಿ ಕುರುಡು ಅಂತ ಐತಲ್ಲ?”

“ಅದು ರಾಜಂದ್ರೀ ಸಾಹೇಬ್ರ. ನನ್ನ ಕಣ್ಣು ಚಲೋ ಅದಾವು. ನಿಮ್ಮ ಅಂಗಿ ಗುಂಡಿ ಒಂದು ಉದುರೈತಿ ನೋಡ್ರಿ.”

ಸಾಹೇಬರು ಎದೆ ಮುಟ್ಟಿಕೊಂಡರು. ಗುಂಡಿ ಇರಲಿಲ್ಲ. ಕೇರಿಯೆಲ್ಲ ಗೊಳ್ ಎಂದಿತು. ಅವರೂ ನಕ್ಕುಬಿಟ್ಟರು. ಹೊಸ ಹಾಳೆ ತೆಗೆದು, “ಮಾತೃಭಾಷೆ?” ಎಂದರು. “ಕನ್ನಡ ರೀ” ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಅದೇ ಹೊತ್ತಿಗೆ ಒಂದು ಪುಟ್ಟ ಹುಡುಗಿ ಸಾಹೇಬರ ಮೋಟಾರ್ ಸೈಕಲ್ ಹತ್ತಿ ಹಾರ್ನ್ ಒತ್ತಿದಳು. ಅವಳ ತಾಯಿ, “ಒಸೇ, ದಿಗವೇ!” ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ದೊಡ್ಡ ಅಕ್ಕೋರು ಸಾಹೇಬರ ಮುಖ ನೋಡಿದರು.

“ತೆಲುಗು ಅಂತ ಬರಕೊಳ್ರಿ” ಎಂದರು ಸಾಹೇಬರು.

ಬರೆದುಕೊಂಡೆ. ಒಂದೂ ಗುಡಿಸಲು ಬಿಡದೆ, ಒಂದೂ ಕೂಸು ಬಿಡದೆ ಬರೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಪ್ರತಿ ಹಾಳೆಗೂ ಸಹಿ ಹಾಕಿದರು. ಹೆಂಗಸರು ಚಹಾ ಕೊಟ್ಟರು. ಮರಳಿ ಹಳ್ಳ ದಾಟುವಾಗ ದೊಡ್ಡ ಅಕ್ಕೋರು ದಂಡೆತ್ತಿ ಹೋಗಿ ಗೆದ್ದು ಬಂದ ರಾಣಿಯ ಹಾಗೆ ನಡೆಯುತ್ತಿದ್ದರು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. “ನೋಡವಾ, ನಿನ್ನಿಗೂ ಇವತ್ತಿಗೂ ಊರು ಅಷ್ಟ ಐತಿ. ಆದ್ರೂ ದೊಡ್ಡದಾತು” ಎಂದರು.

ಮುಂದಿನ ಬಾರಿಯ ಅರ್ಜಿ ಮರಳಿ ಬರಲಿಲ್ಲ. ನಲ್ಲಿ ಬಂತು. ಮೊದಲ ಕೊಡ ತುಂಬಿದಾಗ ಗಂಡಸರು ಸೋಮವಾರವಲ್ಲದಿದ್ದರೂ ಬರಿ ಮುಖದಲ್ಲೇ ಹಾರ್ಮೋನಿಯಂ ಬಾರಿಸಿ ಕುಣಿದರು. ದೊಡ್ಡ ಅಕ್ಕೋರನ್ನೂ ಕುಣಿಸಿದರು.

ನಿವೃತ್ತಿಯಾದ ಮೇಲೆ ಅವರು ತಮ್ಮ ಊರು ನೀಲಗುಂದಕ್ಕೆ ಹೋದರು. ಒಂದು ದಿನ ಸುದ್ದಿ ಬಂತು. ನಮಗೆ ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು... ಮುಖ ನೋಡಲಾಗಲಿಲ್ಲ.

ಬಸ್ಸಿನ ಆ ಆಂಜನೇಯನನ್ನು ಕಂಡ ಮೇಲೆ ಸುಮ್ಮನಿರಲಾಗದೆ ನಿನ್ನೆ ಹಳ್ಳದಾಚೆಯ ಕೇರಿಗೆ ಹೋಗಿದ್ದೆ. ಗುಡಿಸಲಿಲ್ಲ, ಸಾಲು ಮನೆಗಳು. ಸಣ್ಣ ಮಾರೆಪ್ಪನ ಮೊಮ್ಮಗಳು ಈಗ ಆಸ್ಪತ್ರೆಯಲ್ಲಿ ನರ್ಸು. ನನ್ನನ್ನು ಕಂಡವಳೇ ಕುರ್ಚಿ ಹಾಕಿ ಕೂರಿಸಿ, ಪೆನ್ನು, ಕಾಗದ ತಂದಳು.

“ಅಕ್ಕೋರೆ, ಚಲೋ ಟೈಮಿಗೆ ಬಂದ್ರಿ. ನಮ್ಮ ಓಣಿಗೆ ದೊಡ್ಡ ಅಕ್ಕೋರ ಹೆಸರು ಇಡಬೇಕಂತ ಎಲ್ಲಾರೂ ಮಾತಾಡೀವಿ. ಬೋರ್ಡು ಬರಸಾಕ ಹೋದ್ರ... ಅವರ ಹೆಸರ ನಮಗ್ಯಾರಿಗೂ ಗೊತ್ತಿಲ್ರಿ. ಎಲ್ಲಾರೂ ದೊಡ್ಡ ಅಕ್ಕೋರು ಅಂತಿದ್ವಿ, ಅಷ್ಟ. ನಿಮಗ ಗೊತ್ತೈತೇನ್ರಿ?”

ಹೇಳಿದೆ. ಅವಳು ಬರೆದು ಮುಗಿಸುವ ತನಕ ಅಕ್ಷರ ಅಕ್ಷರ ಬಿಡಿಸಿ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.