ಆರು ನಿಮಿಷ ಕೈ ಕಟ್ಟಿ ನಿಲ್ಲುವಾಕೆ

ಬೆಳಗಿನ ಐದೂವರೆ. ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೂರನೇ ಮೇಜಿನ ಬಳಿ ಮಂಡಿಯೂರಿ ಕುಳಿತ ಐವತ್ತೈದರ ಹೆಣ್ಣುಮಗಳೊಬ್ಬರು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಒಳಗಿನ ಮದರ್‌ಬೋರ್ಡಿನ ಅಂಚಿನಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ಅಕ್ಷರಗಳನ್ನು ಟಾರ್ಚ್ ಹಿಡಿದು ಓದುತ್ತಿದ್ದಾರೆ. ಒಮ್ಮೆ ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದುತ್ತಾರೆ.

"ಮಾಡೆಲ್ ಹೆಸರು ಒಂದೇ ಇರುತ್ತೆ, ಕೊನೇ ಅಂಕಿ ಮಾತ್ರ ಬೇರೆ ಇರುತ್ತೆ. ಅವಳಿ ಮಕ್ಕಳಿದ್ದ ಹಾಗೆ. ಅಕ್ಕನ ಔಷಧಿ ತಂಗಿಗೆ ಕುಡಿಸಿದ್ರೆ ಆಗುತ್ತಾ?" ಎನ್ನುತ್ತಾ ತಗಡು ಮುಚ್ಚುತ್ತಾರೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಬಯೋಸ್ ಅಕ್ಕ’ ಎಂದೇ. ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರನ್ನು ಎಬ್ಬಿಸಿ, ಕಣ್ಣು ಯಾವುದು ಕೈ ಯಾವುದು ಎಂದು ಅದಕ್ಕೆ ನೆನಪು ಮಾಡಿಕೊಡುವ ಪುಟ್ಟ ತಂತ್ರಾಂಶವೇ ಬಯೋಸ್. ಬೆರಳ ಉಗುರಿಗಿಂತ ಚಿಕ್ಕದಾದ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಅದರ ವಾಸ. ಅದರಲ್ಲಿ ದೋಷವೋ ಭದ್ರತೆಯ ಬಿರುಕೋ ಕಂಡುಬಂದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಬರೆಯುವಾಗ ನಡುವೆ ವಿದ್ಯುತ್ ಹೋಯಿತೋ, ಕಂಪ್ಯೂಟರು ಮತ್ತೆ ಏಳುವುದೇ ಅನುಮಾನ.

ಆಸ್ಪತ್ರೆಯಲ್ಲಿ ಇಂಥ ಕಂಪ್ಯೂಟರುಗಳು ನೂರ ನಲವತ್ತಾರು. ರೋಗಿಗಳು ಬರುವುದು ಎಂಟಕ್ಕೆ. ಅಷ್ಟರೊಳಗೆ ದಿನಕ್ಕೆ ನಾಲ್ಕನ್ನು ಮುಗಿಸುತ್ತಾರೆ ಅಕ್ಕ. ಐದನೆಯದಕ್ಕೆ ಸಮಯವಿದ್ದರೂ ಕೈ ಹಾಕುವುದಿಲ್ಲ. "ಅವಸರ ಬಂತು ಅಂದ್ರೆ ಕಣ್ಣು ಹೋಯ್ತು ಅಂತಲೇ" ಎಂಬುದು ಅವರ ಲೆಕ್ಕ.

ಈಗ ಪರದೆಯಲ್ಲಿ ಹಳೆಯ ಸೆಟ್ಟಿಂಗುಗಳು ಮೂಡಿವೆ. ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಹೊಸದು ಕೂತ ಮೇಲೆ ಇವೆಲ್ಲ ಅಳಿಸಿಹೋಗಿರಬಹುದು, ಮತ್ತೆ ಹಾಗೆಯೇ ತುಂಬಬೇಕು. ಪ್ಲಗ್ಗು ಗೋಡೆಯಲ್ಲಿಲ್ಲ, ಪಕ್ಕದ ಯುಪಿಎಸ್ಸಿನಲ್ಲಿದೆ ಎಂದು ತಂತಿಯನ್ನು ಕೈಯಿಂದಲೇ ಮುಟ್ಟುತ್ತಾ ಹೋಗಿ ಖಾತರಿ ಮಾಡಿಕೊಳ್ಳುತ್ತಾರೆ. ಪೆನ್‌ಡ್ರೈವಿನಲ್ಲಿರುವುದು ಒಂದೇ ಫೈಲು, ಬೋರ್ಡು ತಯಾರಿಸಿದವರ ತಾಣದಿಂದಲೇ ನಿನ್ನೆ ಇಳಿಸಿಕೊಂಡದ್ದು. ಆಮೇಲೆ ಎಂಟರ್ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಲ್ಲುತ್ತಾರೆ.

ಪರದೆಯ ಮೇಲೆ ಗೆರೆಯೊಂದು ತೆವಳುತ್ತದೆ. ನೂರು ಮುಟ್ಟುತ್ತಲೇ ಪರದೆ ಪೂರ್ತಿ ಕಪ್ಪಾಗುತ್ತದೆ. ಅರ್ಧ ನಿಮಿಷ. ಒಂದು ನಿಮಿಷ. ಇವರ ಬಗ್ಗೆ ಬರೆಯಲೆಂದು ಬಂದಿರುವ ನಾನು ಗುಂಡಿಯತ್ತ ಕೈ ಚಾಚುತ್ತೇನೆ.

"ಸತ್ತೋಯ್ತು ಅಂದ್ಕೊಂಡು ಎಲ್ಲರೂ ಗುಂಡಿ ಒತ್ತೋದು ಇಲ್ಲೇ ನೋಡಿ," ಅಕ್ಕ ಕದಲುವುದಿಲ್ಲ. "ಅದು ಸತ್ತಿಲ್ಲ. ಒಳಗೆ ಮನೆ ಜೋಡಿಸ್ಕೊಳ್ತಾ ಇದೆ. ನಾವು ಬಾಗಿಲು ಬಡೀಬಾರ್ದು."

ಪರದೆ ಬೆಳಗುತ್ತದೆ. ಒಟ್ಟು ಆರು ನಿಮಿಷ.

ಬಸ್ ಚಾಲಕರಾದ ಇವರ ಪತಿ ಮೊದಲ ಪಾಳಿಗೆ ಹೋಗುವ ದಾರಿಯಲ್ಲಿ ಇವರನ್ನು ಆಸ್ಪತ್ರೆಗೆ ಬಿಟ್ಟು ಹೋಗುತ್ತಾರೆ. "ಆ ಡಬ್ಬದ ಮುಂದೆ ಇವಳು ತೋರಿಸೋ ತಾಳ್ಮೇಲಿ ಕಾಲು ಭಾಗ ನನಗೆ ತೋರಿಸಿದ್ರೆ ನಾನು ಇನ್ನೂ ಹತ್ತು ವರ್ಷ ಹೆಚ್ಚು ಬದುಕ್ತೀನಿ" ಎಂದು ನಗುತ್ತಾರೆ. ಅಕ್ಕ ಬಿಡುವವರಲ್ಲ: "ಡಬ್ಬ ಎದುರು ಮಾತಾಡಲ್ಲ ಕಣ್ರೀ."

ತಾಳ್ಮೆ ಹುಟ್ಟುಗುಣವೇನಲ್ಲ. ಕಲಿಸಿದ್ದು ಒಂದು ಪೆಟ್ಟು. ಹದಿನೈದು ವರ್ಷ ನೋಂದಣಿ ಕೌಂಟರಿನಲ್ಲಿ ಟೈಪು ಮಾಡುತ್ತಿದ್ದ ಅಕ್ಕ, ಕೆಟ್ಟ ಕಂಪ್ಯೂಟರುಗಳನ್ನು ನೋಡುತ್ತ ನೋಡುತ್ತಲೇ ರಿಪೇರಿ ಕಲಿತವರು. ಒಂಬತ್ತು ವರ್ಷದ ಹಿಂದೆ ಇದೇ ವಿಭಾಗದ ಕಂಪ್ಯೂಟರೊಂದಕ್ಕೆ ಬಯೋಸ್ ಬರೆಯಲು ಹಚ್ಚಿ, ನೀರು ಕುಡಿದು ಬರೋಣವೆಂದು ಹೊರಗೆ ಹೋದರು. ಅಷ್ಟರಲ್ಲಿ ನೆಲ ತೊಳೆಯುವ ಕೆಲಸದಾಕೆ ಬಂದು, ತಮ್ಮ ಯಂತ್ರಕ್ಕೆ ಜಾಗ ಬೇಕೆಂದು ಗೋಡೆಯಲ್ಲಿದ್ದ ಕಂಪ್ಯೂಟರಿನ ಪ್ಲಗ್ಗು ಕಿತ್ತರು. ಅರ್ಧ ಬರೆದ ಚಿಪ್ಪು ಅಲ್ಲಿಗೇ ನಿಂತಿತು. ರಕ್ತಪರೀಕ್ಷೆಯ ಯಂತ್ರಕ್ಕೆ ಜೋಡಿಸಿದ್ದು ಅದೊಂದೇ ಕಂಪ್ಯೂಟರು.

ಎಂಟಕ್ಕೆ ಸಾಲು ಬೆಳೆಯಿತು. ಮುಖ್ಯ ವೈದ್ಯೆ ಬಂದು, "ಯಾರು ಮಾಡಿದ್ದು ಇದು?" ಎಂದು ಕೇಳಿದರು. ಕೆಲಸದಾಕೆ ಬಾಗಿಲ ಬಳಿ ಮಾಪು ಹಿಡಿದು ಬಿಳಿಚಿಕೊಂಡು ನಿಂತಿದ್ದರು. ಗುತ್ತಿಗೆಯ ನೌಕರಿ ಅವರದು. ಒಂದು ದೂರು ಸಾಕಿತ್ತು.

"ನಾನು ಮೇಡಂ ಅಂದೆ," ಎನ್ನುತ್ತಾರೆ ಅಕ್ಕ. "ಸುಳ್ಳೇನಲ್ಲ ಅದು. ಯುಪಿಎಸ್ ಹಾಕಿರ್ಲಿಲ್ಲ. ಮುಟ್ಟಬೇಡಿ ಅಂತ ಒಂದು ಚೀಟಿ ಅಂಟಿಸಿರ್ಲಿಲ್ಲ. ಬಿಟ್ಟು ಹೋಗಿದ್ದೆ. ಆಕೆ ತನ್ನ ಕೆಲಸ ಮಾಡಿದ್ರು, ನಾನು ನನ್ನದು ಮಾಡಿರ್ಲಿಲ್ಲ."

ಎರಡು ದಿನ ಅಕ್ಕ ಯಂತ್ರದ ಅಂಕಿಗಳನ್ನು ನೋಡಿ ವರದಿಗಳನ್ನು ಕೈಯಲ್ಲೇ ಬರೆದರು. ಇನ್ನೂರ ಹದಿನೇಳು. ಪ್ರತಿಯೊಂದನ್ನೂ ತಂತ್ರಜ್ಞರು ತಾಳೆ ನೋಡಿ ಸಹಿ ಹಾಕಿದರು. "ಅಲ್ಲೀವರೆಗೆ ನನಗದು ಬರೀ ಕಂಪ್ಯೂಟರು. ಒಬ್ಬ ತಾಯಿ ಮಗು ಎತ್ತಿಕೊಂಡು ನಾಲ್ಕು ಸಲ ಬಂದು ‘ಆಯ್ತಾ?’ ಅಂತ ಕೇಳಿದ್ಲು. ಬೈಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು." ಮೂರನೇ ದಿನ ಮೊಬೈಲು ರಿಪೇರಿಯವನೊಬ್ಬನ ನೆರವಿನಿಂದ ಚಿಪ್ಪಿನ ಎಂಟು ಕಾಲುಗಳಿಗೆ ಕ್ಲಿಪ್ಪು ಕಚ್ಚಿಸಿ ಹೊಸದಾಗಿ ಬರೆಸಿದಾಗ ಕಂಪ್ಯೂಟರು ಎದ್ದಿತು. ಅಕ್ಕನಿಗೆ ಲಿಖಿತ ಎಚ್ಚರಿಕೆ ಬಂತು, ಆರು ತಿಂಗಳು ಉಗ್ರಾಣದಲ್ಲಿ ಕೂರಿಸಿದರು. ಮರಳಿ ಕರೆದದ್ದೂ ಅದೇ ಮುಖ್ಯ ವೈದ್ಯೆ. "ತಪ್ಪು ಒಪ್ಪಿಕೊಂಡವರ ಕೈಗೆ ಯಂತ್ರ ಕೊಡೋಕೆ ನನಗೆ ಭಯ ಇಲ್ಲ" ಎಂದಿದ್ದರಂತೆ. ಅಂದಿನಿಂದ ಒಂದೂ ಕೆಟ್ಟಿಲ್ಲ.

ಹಾಗೆಂದು ಕಂಡಕಂಡದ್ದಕ್ಕೆಲ್ಲ ಹೊಸದು ಹಾಕುವುದಿಲ್ಲ. ಈ ಬಾರಿ ತಯಾರಕರೇ ಭದ್ರತೆಯ ದೋಷವಿದೆ ಎಂದು ತಿಳಿಸಿದ್ದರಿಂದ ಅದು ಇರುವ ಎಲ್ಲಕ್ಕೂ ಹಾಕುತ್ತಿದ್ದಾರೆ. ಹದಿನಾಲ್ಕನ್ನು ಮುಟ್ಟದೆ ಬಿಟ್ಟಿದ್ದಾರೆ. ಅವಕ್ಕೆ ಆ ದೋಷ ಅನ್ವಯಿಸುವುದಿಲ್ಲ. "ನೆಟ್ಟಗೆ ನಡೀತಿರೋ ಕಾಲಿಗೆ ಪಟ್ಟಿ ಕಟ್ಟಬಾರ್ದು."

ಏಳೂಮುಕ್ಕಾಲು. ನಾಲ್ಕೂ ಮುಗಿದಿವೆ. ಅಕ್ಕ ಚೀಲದಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆಯುತ್ತಾರೆ. ಕಂಪ್ಯೂಟರಿಗೊಂದು ಪುಟ: ಯಾವ ಬೋರ್ಡು, ಯಾವ ಆವೃತ್ತಿ, ಯಾವ ದಿನ, ಯಾವುದು ಮೊಂಡು, ಯಾವುದು ಎರಡು ಸಲ ಕಪ್ಪಾಗಿ ಹೆದರಿಸುತ್ತದೆ. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಆಮೇಲೆ ಇದು ಯಾರಿಗೆ ಎಂದು ಕೇಳುತ್ತೇನೆ.

ಇಂದಿನ ತಾರೀಖು ಬರೆದು ಪೆನ್ನಿನ ಮುಚ್ಚಳ ಹಾಕುತ್ತಾರೆ.

"ಯಾರಾದ್ರೂ ಬಂದು ಕೇಳಬೇಕು ಅಂತ ಆಸೆ. ನಾನಾಗೇ ಕೊಟ್ರೆ ಕಪಾಟು ಸೇರುತ್ತೆ. ಕೇಳಿ ಇಸ್ಕೊಂಡ್ರೆ ಕೈಯಲ್ಲಿರುತ್ತೆ."